ಇಳಿಯುವ ಮುನ್ನ

ಅಡುಗೆಮನೆಯ ಮೇಜಿನ ಮೇಲೆ ಕರೆಂಟ್ ಬಿಲ್ಲು ಮಗುಚಿ ಬಿದ್ದಿದೆ,
ಅದರ ಬೆನ್ನಿನ ಮೇಲೆ ನಮ್ಮ ಆಗಸ್ಟು.
ಏಳು ದಿನ, ನಾಲ್ಕು ಜನ, ಮೂರು ಸೈಕಲ್ಲು, ಎರಡು ಹಲಗೆ,
ಮತ್ತೆ ಈ ವ್ಯಾನು,
ಹಿಂಬಾಗಿಲು ಒಳಗಿನಿಂದ ಮಾತ್ರ ತೆರೆಯುವಂಥದ್ದು.

ಲೌರಿಗೆ ಹದಿಮೂರು. ಅವಳಿಗೆ ಬೇಕಾದದ್ದು ಅಲೆ.
ಲ್ಯಾಂಗೆನಿತ್ ತೀರದ ಉಬ್ಬರ-ಇಳಿತದ ಪಟ್ಟಿಯನ್ನು
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ
ಹಸಿರು ಪೆನ್ನಿನಲ್ಲಿ ಸುತ್ತು ಹಾಕಿದ್ದಾಳೆ:
ಮಂಗಳವಾರ ಬೆಳಗ್ಗೆ ಆರೂಹತ್ತು, ಬುಧವಾರ ಏಳು,
ಗುರುವಾರ ಎಂಟಕ್ಕೆ ಹತ್ತಿರ.
ಚಂದ್ರ ದಿನಾ ಮುಕ್ಕಾಲು ಗಂಟೆ ತಡವಾಗಿ ಬರುತ್ತಾನೆ,
ಅವನನ್ನು ಕೇಳುವವರಿಲ್ಲ.
ನಾನು ಐದು ನಿಮಿಷ ತಡಮಾಡಿದರೆ ಇವಳ ಮುಖ ಊದುತ್ತದೆ.

ಮ್ಯಾಕ್ಸೆನ್‌ಗೆ ಒಂಬತ್ತು. ಅವನಿಗೆ ಬೆಟ್ಟ.
ಆವನ್ ಕಣಿವೆ. ಒಂದು ಕಾಲಕ್ಕೆ ಕಲ್ಲಿದ್ದಲು ಅಗೆದ ಗುಡ್ಡಗಳು,
ಈಗ ಮೇಲೆಲ್ಲ ಪೈನ್ ಮರ, ಮರಗಳ ಸಂದಿಯಲ್ಲಿ ಸೈಕಲ್ ದಾರಿ.
ದಾರಿಗಳಿಗೆ ಬಣ್ಣವುಂಟು: ಹಸಿರು, ನೀಲಿ, ಕೆಂಪು, ಕಪ್ಪು.
ಕೆಂಪಿಗೆ ನಾನು ಚಿಕ್ಕವನು ಅಂತ ಹೇಳೋರು ನೀವೇ,
ಕಾಲು ಪೆಡಲಿಗೆ ಮುಟ್ಟುತ್ತಲ್ಲ? ಎಂದು ವಾದ,
ಮೊಣಕಾಲಿನ ಹಳೇ ಗಾಯದ ಹಕ್ಕಳೆ ಕೆರೆಯುತ್ತ.

ಸೋಮವಾರ ಬೆಟ್ಟ, ಮಂಗಳವಾರ ಸಮುದ್ರ. ಅಳಿಸಿದೆ.
ಬೆಳಗ್ಗೆ ಅಲೆ, ಮಧ್ಯಾಹ್ನ ಬೆಟ್ಟ, ನಡುವೆ ಒಂದು ಗಂಟೆಯ ರಸ್ತೆ,
ಒದ್ದೆ ವೆಟ್‌ಸೂಟು ಯಾರ ತೊಡೆಯ ಮೇಲೆ? ಅದನ್ನೂ ಅಳಿಸಿದೆ.
ಎರಡು ದೋಣಿಯ ಮೇಲೆ ಕಾಲಿಟ್ಟವರ ಕತೆ ಎಲ್ಲರಿಗೂ ಗೊತ್ತು,
ಒಂದು ಕಾಲು ಹಲಗೆಗೆ, ಒಂದು ಪೆಡಲಿಗೆ ಇಟ್ಟವರದನ್ನು
ಇನ್ನೂ ಯಾರೂ ಹೇಳಿಲ್ಲ.

ಗೆಥಿನ್ ಪಾತ್ರೆ ತೊಳೆಯುತ್ತಿದ್ದಾನೆ, ಬೆನ್ನು ನಮ್ಮ ಕಡೆಗೆ.
"ಬೆಟ್ಟಕ್ಕೇ ಎರಡು ದಿನ ಹೆಚ್ಚು ಕೊಡು, ಕಡಲ ಹತ್ರ ಗಾಳಿ ಜಾಸ್ತಿ."
ಹೋದ ವರ್ಷವೂ ಗಾಳಿ. ಅದರ ಹಿಂದಿನ ವರ್ಷ ಬೆನ್ನುನೋವು.
ಅದಕ್ಕೂ ಹಿಂದೆ, ವ್ಯಾನಿನ ಹತ್ತಿರ ಯಾರಾದರೂ ಇರಬೇಕಲ್ಲ.
ಹದಿನಾರು ವರ್ಷದಲ್ಲಿ ನಾನು ಕಂಡ ಅವನ ಸಮುದ್ರವೆಂದರೆ
ಪ್ಯಾಂಟು ಮಡಚಿ, ಟವೆಲ್ಲು ಹಿಡಿದು ನಿಂತ ಗಂಡಸು.
ನೊರೆ ಬಂದರೆ ಒಂದು ಹೆಜ್ಜೆ ಹಿಂದೆ,
ನೊರೆ ಹೋದರೆ ಅಲ್ಲೇ.
ಕಲ್ಲು ಬೇರು ತುಂಬಿದ ಕಪ್ಪು ದಾರಿಯಲ್ಲಿ
ಬ್ರೇಕು ಮುಟ್ಟದೆ ಇಳಿದು ಹೋಗುವವನು ಇವನೇ.
ಕೇಳಿದಾಗಲೆಲ್ಲ ನಕ್ಕು ತೇಲಿಸಿಬಿಟ್ಟ.
ತೇಲಿಸಲು ಬರುವುದು ಅವನಿಗೆ ಮಾತನ್ನು ಮಾತ್ರ.

ಇವತ್ತು ಲೌರಿ, ಪಟ್ಟಿಯಿಂದ ಕಣ್ಣೆತ್ತದೆ,
"ಅಪ್ಪಾ, ನಿಂಗೆ ಈಜು ಬರಲ್ಲ ಅಲ್ವಾ?"

ನಲ್ಲಿ ನಿಂತಿತು.
ಒಂದು ತಟ್ಟೆಯನ್ನು ಎಷ್ಟು ಹೊತ್ತು ಒರೆಸಬಹುದೋ
ಅಷ್ಟು ಹೊತ್ತು ಒರೆಸಿದ.
ಮ್ಯಾಕ್ಸೆನ್ ಕಣ್ಣಲ್ಲಿ ಮಾತ್ರ, ತರಗತಿಗೆ
ಹೊಸ ಹುಡುಗ ಬಂದಾಗಿನ ಖುಷಿ:
"ಹಾಗಾದ್ರೆ ನನ್ನ ಬ್ಯಾಚಿಗೇ ಬಾ!"

ಬುಧವಾರ, ಎಂಟೂವರೆ. ಇಳಿತ ಕಳೆದು
ನೀರು ಮೆಲ್ಲಗೆ ಮರಳುವ ಹೊತ್ತು.
ಮೊದಲ ಪಾಠ, ಸೊಂಟದವರೆಗಿನ ನೀರು, ಮೆತ್ತನೆಯ ನೀಲಿ ಹಲಗೆ.
ಮ್ಯಾಕ್ಸೆನ್, ಒಂಬತ್ತು. ಗೆಥಿನ್, ನಲವತ್ನಾಲ್ಕು.
ಬರೆಯುವಾಗ ಪೆನ್ನು ಒಂದು ಗಳಿಗೆ ಅನುಮಾನಿಸಿತು,
ಅವನು ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.
"ನೀರಿಗಿಳಿದವನಿಗೆ ಚಳಿಯೇನು..." ಎಂದು ನಾನು ಶುರುಮಾಡಿದರೆ
"ಇಳಿದವನಿಗೆ," ಅಂದ. "ನಾನಿನ್ನೂ ಅಡುಗೆಮನೇಲಿದ್ದೀನಿ."

ಇನ್ನು ಟವೆಲ್ಲು ಯಾರು ಹಿಡಿಯುವುದು?
ನಾನೇ, ಅಂದುಕೊಂಡೆ. ಆಮೇಲೆ ಕಂಡಿತು,
ಶುಕ್ರವಾರದ ಬೆಟ್ಟದ ಸಾಲಿನಲ್ಲಿ ನನ್ನ ಹೆಸರೇ ಇಲ್ಲ.
ನಾಲ್ಕು ಜನಕ್ಕೆ ಮೂರು ಸೈಕಲ್ಲು ಎಂಬ ಲೆಕ್ಕ
ಇಷ್ಟು ವರ್ಷ ಯಾರಿಗೂ ತಪ್ಪೆನಿಸಿರಲಿಲ್ಲ,
ಬರೆದ ನನಗೂ.

ಬಾಡಿಗೆ ಸೈಕಲ್ಲು ದಿನಕ್ಕೆಷ್ಟು?
ಬೆನ್ನಿನಲ್ಲಿ ಜಾಗ ಮುಗಿದಿತ್ತು. ಬಿಲ್ಲನ್ನು ತಿರುಗಿಸಿದೆ.
ಕಟ್ಟಬೇಕಾದ ಮೊತ್ತದ ಪಕ್ಕದಲ್ಲಿ
ಒಂದು ಹೆಸರು ಹಿಡಿಸುವಷ್ಟು
ಬಿಳಿ ಉಳಿದಿತ್ತು.